"ನಿಮ್ಮ ಅಜ್ಜಿಯನ್ನು ಭಾನುವಾರ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

ಹೋದ ಸಂಚಿಕೆಯಲ್ಲಿ ಹಾಂಗ್‌ಕಾಂಗ್‌ನ ಚಹಾ ಅಂಗಡಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇರಬೇಕು, ಈ ಸಲ ಬಂದ ಪತ್ರಗಳಲ್ಲಿ ಡಿಮ್ ಸಮ್ ಬಗ್ಗೆ, ಅಂದರೆ ಚಹಾ ಜೊತೆ ಸಣ್ಣ ಸಣ್ಣ ಬುಟ್ಟಿಗಳಲ್ಲಿ ಕೊಡುವ ಕಡುಬು, ಬನ್ನಿನಂಥ ಚೀನೀ ತಿಂಡಿಗಳ ಬಗ್ಗೆ ಕೇಳಿದವರೇ ಜಾಸ್ತಿ. ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯ ಹುಡುಗ ಹುಡುಗಿಯರು ಎಲ್ಲೆಲ್ಲಿ ಹೋಗಿ ಕೂತಿದ್ದಾರೆ ಅಂತ ಈ ಪತ್ರಗಳಿಂದಲೇ ಗೊತ್ತಾಗುತ್ತೆ.

ಹೊಸ ಓದುಗರಿಗೆ ಒಂದು ಮಾತು. ನಾನು ದಾವಣಗೆರೆಯವನು. ನೂಲಿನ ವ್ಯಾಪಾರದ ಕಂಪನಿಯೊಂದಕ್ಕೆ ಸೇರಿ ಹಾಂಗ್‌ಕಾಂಗ್‌ನ ಕೌಲೂನ್ ಕಡೆ ವರ್ಷಗಟ್ಟಲೆ ಇದ್ದೆ. ಈಗ ಮಗಳ ಮನೆ ಅಂತ ಟೊರಾಂಟೊ ಕಡೆ ಹೋಗಿ ಬರುತ್ತಿರುತ್ತೇನೆ. ನಾನು ಮೀನು, ಮಾಂಸ ಎಲ್ಲ ತಿನ್ನುವವನು. ನಮ್ಮ ಮನೆಯವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಪಂಗಡದ ಕಷ್ಟ ನನಗೆ ಗೊತ್ತು.

ಪ್ರಶ್ನೆ: ಅಂಕಲ್, ನಮಸ್ಕಾರ. ನಾನು ದಾವಣಗೆರೆ ವಿದ್ಯಾನಗರದವಳು. ಕೆಲಸದ ಮೇಲೆ ಟೊರಾಂಟೊ ಪಕ್ಕದ ಮಿಸ್ಸಿಸ್ಸಾಗಾದಲ್ಲಿದ್ದೇನೆ. ಡಿಮ್ ಸಮ್ ತುಂಬಾ ಇಷ್ಟ. ಆದರೆ ಫೋನಿನಲ್ಲಿ ನಾಲ್ಕೂವರೆ ಸ್ಟಾರ್ ನೋಡಿಕೊಂಡು ಹೋದ ಕಡೆಯೆಲ್ಲ ನಿರಾಸೆ. ಒಂದು ಕಡೆ ಮೇಲಿನ ಕಣಕ ದಪ್ಪ, ಇನ್ನೊಂದು ಕಡೆ ಎಲ್ಲ ಅರೆಬಿಸಿ. ಅಲ್ಲಿಯ ಜನ ನಿಜವಾಗಿ ತಿನ್ನುವ ಜಾಗ ಕಂಡುಹಿಡಿಯೋದು ಹೇಗೆ?
— ಓದುಗಿ, ಮಿಸ್ಸಿಸ್ಸಾಗಾ

ಉತ್ತರ: ತಂಗಿ, ಮೊದಲು ಆ ಸ್ಟಾರ್‌ಗಳನ್ನು ಬದಿಗಿಡು. ಸ್ಟಾರ್ ಒತ್ತುವವರು ದೀಪ, ಕುರ್ಚಿ, ಪಾರ್ಕಿಂಗ್, ವೇಟರ್ ನಕ್ಕನಾ ಇಲ್ಲವಾ ಎಲ್ಲಕ್ಕೂ ಸೇರಿಸಿ ಒತ್ತುತ್ತಾರೆ. ಒಳ್ಳೆ ಡಿಮ್ ಸಮ್ ಅಂಗಡಿಯ ವೇಟರ್ ಭಾನುವಾರ ನಗುವುದಿಲ್ಲ. ಅವನಿಗೆ ಪುರುಸೊತ್ತಿಲ್ಲ. ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಹೊರಗಿನವರು ಕೇಳಿದರೆ ನೀನು ಏನು ಹೇಳ್ತೀಯ? ಬೋರ್ಡ್ ನೋಡಬೇಡಿ, ಬೆಳಿಗ್ಗೆ ಹೋಗಿ, ಕಾವಲಿ ಮುಂದೆ ಯಾರು ಕಾಯ್ತಾ ನಿಂತಿದ್ದಾರೆ ನೋಡಿ ಅಂತ ತಾನೇ? ಇಲ್ಲೂ ಅದೇ ಲೆಕ್ಕ.

ಮೊದಲು ಊರು ಸರಿಯಾಗಿ ಹಿಡಿಯಬೇಕು. ಡಿಮ್ ಸಮ್ ಇಡೀ ಚೀನಾದ ತಿಂಡಿ ಅಲ್ಲ. ಅದು ದಕ್ಷಿಣದ ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಕಡೆಯದು, ಕ್ಯಾಂಟನೀಸ್ ಮಾತಾಡುವವರದು. ಚೀನಾದ ಬೇರೆ ಕಡೆಯ ಸಿಚುವಾನ್ ಅಡುಗೆಯ ಹೋಟೆಲಿಗೆ ಹೋಗಿ ಹಾರ್ ಗಾವ್ (ಸಿಗಡಿ ಕಡುಬು) ಚೆನ್ನಾಗಿಲ್ಲ ಅಂತ ಬೈದರೆ ಪಾಪ ಅವರೇನು ಮಾಡಬೇಕು? ಒಂದೇ ಮೆನುವಿನಲ್ಲಿ ಡಿಮ್ ಸಮ್, ಸುಶಿ, ಥಾಯ್ ನೂಡಲ್ಸ್ ಮೂರೂ ಇದ್ದರೆ ಸುಮ್ನೆ ಎದ್ದು ಬಾ.

ಕ್ಯಾಂಟನೀಸ್ ಜನ ಎಲ್ಲಿ ಮನೆ ಮಾಡಿದ್ದಾರೋ ಅಲ್ಲಿ ಒಳ್ಳೆ ಡಿಮ್ ಸಮ್ ಇರುತ್ತೆ. ಹಾಂಗ್‌ಕಾಂಗ್ ಬ್ರಿಟಿಷರ ಕೈಯಿಂದ ಚೀನಾಕ್ಕೆ ಹೋಗಿದ್ದು 1997ರ ಜುಲೈ 1ಕ್ಕೆ. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆಗಿದ್ದೂ ಅದೇ ವರ್ಷ, ಆಗಸ್ಟ್ 15ಕ್ಕೆ. ಅದಕ್ಕೇ ನನಗೆ ಇಸವಿ ಮರೆಯುವುದಿಲ್ಲ. ಅದಕ್ಕೆ ಮುಂಚಿನ ವರ್ಷಗಳಲ್ಲಿ, ಮುಂದೆ ಏನಾಗುತ್ತೋ ಅನ್ನುವ ಅಳುಕಿನಲ್ಲಿ, ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಕೆನಡಾ, ಆಸ್ಟ್ರೇಲಿಯಾ ಕಡೆ ಹೊರಟವು. ಅವರ ಹಿಂದೆ ಅಡುಗೆಯವರೂ ಹೊರಟರು. ಟೊರಾಂಟೊ ಸುತ್ತ ಅವರು ಹೆಚ್ಚಾಗಿ ನೆಲೆ ನಿಂತಿದ್ದು ಸ್ಕಾರ್ಬರೋ, ಮಾರ್ಕಮ್, ರಿಚ್ಮಂಡ್ ಹಿಲ್ ಕಡೆ. ವ್ಯಾಂಕೂವರ್‌ನವರಿಗೆ ಪಕ್ಕದ ರಿಚ್ಮಂಡ್ ಇದೆ. ಹೆಸರು ಒಂದೇ, ಊರು ಬೇರೆ, ಗೊಂದಲ ಬೇಡ. ಮಿಸ್ಸಿಸ್ಸಾಗಾದಲ್ಲಿ ಒಳ್ಳೆಯದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಭಾನುವಾರ ಸ್ಕಾರ್ಬರೋ ತನಕ ಹೋಗಿ ತಿಂದು ಬಾ. ಚೆನ್ನಾಗಿರೋದು ಅಂದರೆ ಹೇಗಿರುತ್ತೆ ಅಂತ ನಾಲಿಗೆಗೆ ಗೊತ್ತಾದ ಮೇಲೆ ಮನೆ ಹತ್ತಿರ ಹುಡುಕೋದು ಸುಲಭ.

ಯಾರನ್ನು ಕೇಳಬೇಕು ಅನ್ನೋದಕ್ಕಿಂತ ಹೇಗೆ ಕೇಳಬೇಕು ಅನ್ನೋದು ಮುಖ್ಯ. ನಿನ್ನ ಆಫೀಸಿನಲ್ಲಿ ಹಾಂಗ್‌ಕಾಂಗ್ ಮೂಲದವರು ಒಬ್ಬರಾದರೂ ಇರುತ್ತಾರೆ. "ಯಾವ ಹೋಟೆಲ್ ಚೆನ್ನಾಗಿದೆ?" ಅಂತ ಕೇಳಬೇಡ. ನಿನಗೆ ತೊಂದರೆ ಆಗದಿರಲಿ ಅಂತ ಇಂಗ್ಲಿಷ್ ಬರುವ, ಚೊಕ್ಕ ಮೇಜುಬಟ್ಟೆ ಹಾಸಿದ ಜಾಗ ಹೇಳಿಬಿಡುತ್ತಾರೆ. "ನಿಮ್ಮ ಅಜ್ಜಿಯನ್ನು ಭಾನುವಾರ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?" ಅಂತ ಕೇಳು. ಆಗ ಬರುವ ಹೆಸರೇ ಬೇರೆ. ಸೂಪರ್‌ಮಾರ್ಕೆಟ್ ಪಕ್ಕ, ಡ್ರೈಕ್ಲೀನಿಂಗ್ ಅಂಗಡಿ ಮೇಲೆ, ಲಿಫ್ಟ್ ಸದ್ದು ಮಾಡುವ ಕಟ್ಟಡದಲ್ಲಿ ಎಲ್ಲೋ ಇರುತ್ತೆ ಅದು. ಅಜ್ಜಿಯರು ದೀಪ ನೋಡಿ ಮೋಸ ಹೋಗುವವರಲ್ಲ. ಬುಟ್ಟಿ ತಣ್ಣಗೆ ಬಂದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ.

ಇನ್ನು ಗಂಟೆ. ಇದು ರಾತ್ರಿ ಊಟ ಅಲ್ಲ. ಹಾಂಗ್‌ಕಾಂಗ್‌ನ ಹಳೇ ಅಂಗಡಿಗಳು ಬೆಳಗಿನ ಜಾವ ಬಾಗಿಲು ತೆಗೆಯುತ್ತವೆ. ಹೊರದೇಶದಲ್ಲಿ ಸಾಮಾನ್ಯವಾಗಿ ಒಂಬತ್ತೂವರೆ, ಹತ್ತಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಈಗ ದಿನವಿಡೀ ಕೊಡುವವರೂ ಇದ್ದಾರೆ. ಆದರೆ ಕಣಕ ಲಟ್ಟಿಸಿ ಮಡಿಸುವವರು ನಸುಕಿಗೇ ಬಂದು ಮಧ್ಯಾಹ್ನಕ್ಕೆ ಕೈ ತೊಳೆಯುವವರು. ರಾತ್ರಿ ಎಂಟಕ್ಕೆ ನಿನ್ನ ಮುಂದೆ ಬರೋದು ಹೆಚ್ಚಾಗಿ ಮತ್ತೆ ಬಿಸಿ ಮಾಡಿದ್ದು. ಭಾನುವಾರ ಹತ್ತಕ್ಕೆ ಮುಂಚೆ ಬಾಗಿಲಲ್ಲಿರು. ಹನ್ನೊಂದೂವರೆಗೆ ಹೋದರೆ ಚೀಟಿ ಹಿಡಿದು ಮುಕ್ಕಾಲು ತಾಸು ನಿಲ್ಲಬೇಕು. ವಾರದ ದಿನ ರಜೆ ಸಿಕ್ಕರೆ ಇನ್ನೂ ಒಳ್ಳೆಯದು, ಎಷ್ಟೋ ಕಡೆ ಹನ್ನೊಂದರ ಒಳಗೆ ಹೇಳಿದ್ದಕ್ಕೆ ರೇಟು ಕಡಿಮೆ.

ಒಳಗೆ ಕಾಲಿಟ್ಟ ಕೂಡಲೇ ಮೇಜುಗಳ ಮೇಲೆ ಕಣ್ಣಾಡಿಸು. ಒಬ್ಬರೇ ಕೂತು ಪೇಪರ್ ಓದುತ್ತಾ, ಒಂದು ಚಹಾ ಕೆಟಲ್, ಒಂದೆರಡು ಬುಟ್ಟಿ ಇಟ್ಟುಕೊಂಡ ಅಜ್ಜಂದಿರು ಇದ್ದಾರಾ? ದುಂಡು ಮೇಜಿನ ಸುತ್ತ ಮೂರು ತಲೆಮಾರು ಕೂತು ಒಟ್ಟಿಗೇ ಮಾತಾಡ್ತಿದ್ದಾರಾ? ಹಾಗಿದ್ದರೆ ಕೂತುಕೋ. ಎಲ್ಲರೂ ಫೋಟೋ ತೆಗೀತಿದ್ದರೆ ಸ್ವಲ್ಪ ಯೋಚನೆ ಮಾಡು.

ಮೊದಲ ಸಲ ಹೋದಾಗ ಚಿನ್ನದ ಹಾಳೆ ಅಂಟಿಸಿದ್ದು, ಹಂದಿಮರಿ ಮುಖ ಬಿಡಿಸಿದ ಬನ್ನು, ಇವೆಲ್ಲ ಬೇಡ. ಹಳೇ ಐಟಂಗಳನ್ನೇ ಹೇಳು. ಅದರಲ್ಲೂ ಮೊದಲು ಹಾರ್ ಗಾವ್, ಅಂದರೆ ಸಿಗಡಿ ತುಂಬಿದ ಸಣ್ಣ ಕಡುಬು. ಅಡುಗೆಯವನ ಕೈ ಹೇಗಿದೆ ಅಂತ ಇದೊಂದರಲ್ಲೇ ಗೊತ್ತಾಗುತ್ತೆ. ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಬಡಿಯಬೇಕು. ಕಣಕ ಮೈದಾದ್ದಲ್ಲ, ಅಂಟು ತೆಗೆದ ಗೋಧಿ ಪಿಷ್ಟ ಮತ್ತು ಮರಗೆಣಸಿನ ಪಿಷ್ಟದ್ದು. ಹಾಗಾಗಿ ಬೆಂದ ಮೇಲೆ ಒಳಗಿನ ಸಿಗಡಿಯ ನಸುಗೆಂಪು ಹೊರಗೆ ಕಾಣುತ್ತೆ. ಬೆಳ್ಳಗೆ ಮಂದವಾಗಿದ್ದರೆ ಕಣಕ ದಪ್ಪ ಅಂತ ಅರ್ಥ. ನೆರಿಗೆ ಎಣಿಸು. ಏಳಕ್ಕಿಂತ ಕಡಿಮೆ ಇರಬಾರದು ಅಂತ ಹಳಬರು ಹೇಳ್ತಾರೆ, ಪಳಗಿದ ಕೈ ಹತ್ತು ದಾಟಿಸುತ್ತೆ. ಆಮೇಲೆ ಚಾಪ್‌ಸ್ಟಿಕ್‌ನಲ್ಲಿ ನಿಧಾನ ಎತ್ತು. ತಳ ಕಾಗದಕ್ಕೆ ಅಂಟಿ ಕಡುಬು ಹರಿದು ಸಿಗಡಿ ಕೆಳಗೆ ಬಿತ್ತಾ? ಹಬೆಯಲ್ಲಿ ಜಾಸ್ತಿ ಹೊತ್ತು ಕೂತಿದೆ, ಇಲ್ಲಾ ಎರಡನೇ ಸಲ ಬೇಯುತ್ತಿದೆ. ಅಂಚು ಒಣಗಿ ಬಿರುಕು ಬಿಟ್ಟಿತ್ತಾ? ಮಾಡಿಟ್ಟು ಬಹಳ ಹೊತ್ತಾಗಿದೆ. ಇದೆಲ್ಲ ದಾಟಿ ಬಾಯಿಗೆ ಹೋದರೆ ಕಣಕ ಮೆತ್ತಗೆ ಎಳೆದು ಬಿಡಬೇಕು, ಒಳಗಿನ ಸಿಗಡಿ ಹಲ್ಲಿಗೆ ಕಟಕ್ ಅನ್ನಬೇಕು. ಪೇಸ್ಟ್ ಆಗಿರಬಾರದು.

ಎರಡನೆಯದು ಚಿಯುಂಗ್ ಫನ್. ಅಕ್ಕಿ ಹಿಟ್ಟಿನ ನೀರು ಸಂಪಣವನ್ನು ತಟ್ಟೆ ಮೇಲೋ ಬಟ್ಟೆ ಮೇಲೋ ಹುಯ್ದು, ಹಬೆಯಲ್ಲಿ ಬೇಯಿಸಿ, ಹೂರಣ ಇಟ್ಟು ಸುತ್ತುತ್ತಾರೆ. ಮೇಲೆ ಸಿಹಿ ಬೆರೆತ ಸೋಯಾ ಸಾಸ್. ಹಾಳೆ ತೆಳ್ಳಗೆ, ನುಣ್ಣಗೆ ಇರಬೇಕು. ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದರೆ ಒಡಕೊಡಕಾಗಿ ಬರುತ್ತೆ. ಮೋಸ ಮಾಡೋಕೆ ಆಗದ ತಿಂಡಿ ಇದು. ಆಮೇಲೆ ಬೇಕಾದರೆ ಸಿಯು ಮೈ ಅನ್ನುವ ಬಾಯಿ ತೆರೆದ ಕಡುಬು, ಚಾರ್ ಸಿಯು ಬಾವ್ ಅನ್ನುವ ಬನ್ನು. ಎರಡರಲ್ಲೂ ಹಂದಿಮಾಂಸ ಇರುತ್ತೆ, ತಿನ್ನುವವಳಾದರೆ ಮಾತ್ರ. ಬೇಯಿಸಿದ ಬಾವ್‌ನ ನೆತ್ತಿ ತಾನಾಗಿ ಮೂರು ಕಡೆ ಬಿರಿದಿರಬೇಕು.

ತಳ್ಳುಗಾಡಿಯಲ್ಲಿ ಬುಟ್ಟಿ ತರುವ ಅಂಗಡಿ ಒಳ್ಳೆಯದಾ, ಚೀಟಿಯಲ್ಲಿ ಗುರುತು ಹಾಕಿ ಕೊಡುವ ಅಂಗಡಿಯಾ? ಈ ಜಗಳ ಹಳೇದು. ಗಾಡಿ ನೋಡೋಕೆ ಮಜಾ, ಹೆಸರು ಗೊತ್ತಿಲ್ಲದಿದ್ದರೂ ಬೆರಳು ತೋರಿಸಿ ತಗೋಬಹುದು. ಆದರೆ ಜನ ಕಡಿಮೆ ಇದ್ದ ದಿನ ಅದೇ ಬುಟ್ಟಿ ಹಾಲ್ ಪೂರ್ತಿ ಸುತ್ತಿ ಮತ್ತೆ ನಿನ್ನ ಹತ್ತಿರ ಬರುತ್ತೆ. ನನ್ನ ಓಟು ಚೀಟಿಗೆ. ನೀನು ಹೇಳಿದ ಮೇಲೆ ಅವರು ಹಬೆಗೆ ಇಡುತ್ತಾರೆ. ಗಾಡಿಯದೇ ಬೇಕು ಅಂದರೆ ಅಡುಗೆಮನೆ ಬಾಗಿಲ ಹತ್ತಿರದ ಮೇಜು ಹಿಡಿ.

ಕೊನೆಗೆ, ಒಂದು ಜಾಗ ಸಿಕ್ಕಿತು ಅಂತ ಜನ್ಮಪೂರ್ತಿ ಅದೇ ಅಂದುಕೋಬೇಡ. ಡಿಮ್ ಸಮ್ ಮಾಡುವವರಿಗೆ ಬೇಡಿಕೆ ಇದೆ, ಜಾಸ್ತಿ ಸಂಬಳ ಕೊಟ್ಟ ಕಡೆ ಹೋಗಿಬಿಡುತ್ತಾರೆ. ಬೋರ್ಡ್ ಅದೇ ಇರುತ್ತೆ, ಕೈ ಬೇರೆಯಾಗಿರುತ್ತೆ. ಹಾರ್ ಗಾವ್ ಕೆಟ್ಟಿತು ಅಂತ ಅನ್ನಿಸಿದ ದಿನ ಆಫೀಸಿನ ಆ ಗೆಳತಿಯನ್ನು ಮತ್ತೆ ಕೇಳು. ಅವರ ಅಜ್ಜಿ ಆಗಲೇ ಬೇರೆ ಕಡೆ ಹೋಗ್ತಿರುತ್ತಾರೆ.

ಪ್ರಶ್ನೆ: ಸರ್, ನಮ್ಮದು ಚಿತ್ರದುರ್ಗ. ಮಗ ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾನೆ. ನಾವು ಶುದ್ಧ ಸಸ್ಯಾಹಾರಿಗಳು. ಗೆಳೆಯರು ವಾರ ವಾರ ಡಿಮ್ ಸಮ್ ತಿನ್ನೋಕೆ ಕರೆಯುತ್ತಾರಂತೆ, ಅಲ್ಲಿ ವೆಜ್ ಅಂತಲೂ ಕೊಡುತ್ತಾರಂತೆ. ನಂಬಬಹುದಾ? ಹೋಗಬೇಡ ಅನ್ನೋಕೆ ನನಗೆ ಮನಸ್ಸಿಲ್ಲ, ಹುಡುಗ ಒಬ್ಬನೇ ಆಗಿಬಿಡುತ್ತಾನೆ.
— ಓದುಗರು, ಚಿತ್ರದುರ್ಗ

ಉತ್ತರ: ಹೋಗಲಿ ಬಿಡಿ ಸರ್. ಆದರೆ ಕಣ್ಣು ಬಿಟ್ಟುಕೊಂಡು ಹೋಗಲಿ.

ಮೆನುವಿನಲ್ಲಿ ವೆಜ್ ಅಂತ ಬರೆದಿದ್ದರೆ ಹೂರಣದಲ್ಲಿ ಮಾಂಸದ ತುಂಡು ಇಲ್ಲ ಅಂತ ಅಷ್ಟೇ ತಿಳಿಯಬೇಕು. ಹಂದಿ ಕೊಬ್ಬು ಈ ಅಡುಗೆಯಲ್ಲಿ ನಮ್ಮಲ್ಲಿ ತುಪ್ಪ ಎಲ್ಲೆಲ್ಲಿ ಬೀಳುತ್ತೋ ಅಲ್ಲೆಲ್ಲ ಬೀಳುತ್ತೆ. ಬನ್ನಿನ ಹಿಟ್ಟಿಗೆ, ಟಾರ್ಟಿನ ಪದರಕ್ಕೆ, ಕೆಸುವಿನ ಗೆಡ್ಡೆ ಅರೆದು ಕರಿದ ವು ಗಾಕ್‌ಗೆ, ಕೆಲವು ಕಡೆ ಸಿಹಿ ಹೂರಣಕ್ಕೂ. ಮೂಲಂಗಿ ಕೇಕ್ ಅಂತ ಒಂದಿದೆ, ಲೋ ಬಾಕ್ ಗೋ. ಹೆಸರು ಕೇಳಿ ನಮ್ಮವರು ಖುಷಿಯಿಂದ ತಗೊಳ್ಳುತ್ತಾರೆ. ಅದರೊಳಗೆ ಸಣ್ಣಗೆ ಹೆಚ್ಚಿದ ಚೀನೀ ಸಾಸೇಜ್, ಒಣ ಸಿಗಡಿ ಇರುತ್ತೆ. ಸೊಪ್ಪು ಬೇಯಿಸಿ ಮೇಲೆ ಸುರಿಯುವ ಕಪ್ಪು ಸಾಸ್ ಆಯ್ಸ್ಟರ್ ಸಾಸ್, ಅದು ಚಿಪ್ಪುಜೀವಿಯದ್ದು. ಮಾವಿನ ಪುಡ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಜೆಲಟಿನ್, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ನಮ್ಮ ಮನೆಯವಳು ಇದಿಷ್ಟನ್ನು ಕೇಳಿದ ದಿನ "ಹಂಗಾದ್ರೆ ಚಹಾ ಒಂದೇ ವೆಜ್ಜಾ?" ಅಂದಳು.

ಅಷ್ಟೇನೂ ಕೆಟ್ಟಿಲ್ಲ. ಹೂರಣವೇ ಇಲ್ಲದ ಚಿಯುಂಗ್ ಫನ್ ಸಿಗುತ್ತೆ, ಮೇಲೆ ಎಳ್ಳಿನ ಪೇಸ್ಟ್ ಮತ್ತು ಸೋಯಾ ಹಾಕಿ ಕೊಡುತ್ತಾರೆ, ಸಿಗಡಿ ಇಲ್ಲದ್ದು ಅಂತ ಒತ್ತಿ ಹೇಳಬೇಕು. ಕರಿದ ಹಿಟ್ಟಿನ ಕೋಲನ್ನು ಅದೇ ಅಕ್ಕಿ ಹಾಳೆಯಲ್ಲಿ ಸುತ್ತಿದ ಜಾ ಲ್ಯೂಂಗ್ ಇದೆ, ಗರಿಗರಿ ಇರುತ್ತೆ. ಸೋಯಾ ಹಾಲಿನಿಂದ ಮಾಡಿ ಶುಂಠಿ ಪಾಕ ಹಾಕಿದ ತೌ ಫು ಫಾ ಇದೆ, ಅದು ಬಿಸಿಯಾಗಿ ಸಿಕ್ಕರೆ ಬಿಡಬಾರದು. ಕರಿಯುವ ಎಣ್ಣೆ, ಬೇಯಿಸುವ ಹಬೆ ಎಲ್ಲ ಒಂದೇ ಅಡುಗೆಮನೆಯದ್ದು ಅನ್ನುವುದನ್ನು ಮಾತ್ರ ನೀವೇ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಬೇಕು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ಪೂರ್ತಿ ನೆಮ್ಮದಿ ಬೇಕು ಅಂದರೆ ಬೌದ್ಧರ ಸಸ್ಯಾಹಾರಿ ಹೋಟೆಲ್ ಹುಡುಕಲು ಹೇಳಿ. ದೊಡ್ಡ ಊರಿನ ಚೀನೀ ಬಡಾವಣೆಗಳಲ್ಲಿ ಒಂದಾದರೂ ಇರುತ್ತೆ. ಇವರು ಕಟ್ಟುನಿಟ್ಟಿನವರು. ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ಮಡಿ ಮಾಡುವ ನಮ್ಮ ಅಜ್ಜಿಯರೂ ಒಪ್ಪುವಂಥದ್ದು. ಅಣಬೆ, ಸೋಯಾ, ಗೋಧಿ ಅಂಟು ಇವುಗಳಲ್ಲೇ ಸಿಯು ಮೈ, ಬಾವ್ ಎಲ್ಲ ಮಾಡುತ್ತಾರೆ. ಬಾಗಿಲ ಮೇಲೋ ಮೆನುವಿನಲ್ಲೋ ಸ್ವಸ್ತಿಕ ಕಂಡರೆ ಹುಡುಗ ಗಾಬರಿ ಆಗಬಾರದು. ಚೀನೀ ಬೌದ್ಧರಲ್ಲಿ ಅದು ಸಸ್ಯಾಹಾರದ ಗುರುತೂ ಹೌದು. ಇನ್ನೊಂದು ಕುತೂಹಲದ ಸಂಗತಿ. ಮಾಂಸ ತಿನ್ನುವ ಎಷ್ಟೋ ಚೀನೀ ಬೌದ್ಧರು ತಮ್ಮ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುತ್ತಾರೆ. ಅವರ ತಿಂಗಳು ಅಮಾವಾಸ್ಯೆಗೆ ಶುರು. ಅಂದರೆ ಅಮಾವಾಸ್ಯೆ, ಹುಣ್ಣಿಮೆ! ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ನೀವೇ ಚಿತ್ರದುರ್ಗದಿಂದ ಫೋನ್ ಮಾಡಿ ಹೇಳಬಹುದು, ಇವತ್ತು ಆ ಹೋಟೆಲಿನಲ್ಲಿ ರಶ್ ಇರುತ್ತೆ ಕಣೋ ಅಂತ. ಆವತ್ತು ಅಡುಗೆಯೂ ಬಿಸಿಬಿಸಿ, ಬಗೆಯೂ ಜಾಸ್ತಿ.

ಉಳಿದ ದಿನ ಗೆಳೆಯರ ಜೊತೆ ಹೋಗುವುದಕ್ಕೆ ಒಂದು ಉಪಾಯ. ಕ್ಯಾಂಟನೀಸ್ ಬರೆಯಬಲ್ಲ ಗೆಳೆಯನ ಕೈಯಲ್ಲಿ ಒಂದು ಚೀಟಿ ಬರೆಸಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಲಿ. "ನಾನು ಸಸ್ಯಾಹಾರಿ" ಅಂತ ಬರೆಸಿದರೆ ಸಾಲದು. ಹಂದಿ ಕೊಬ್ಬು ಬೇಡ, ಕೋಳಿ ಸಾರಿನ ನೀರು ಬೇಡ, ಒಣ ಸಿಗಡಿ ಬೇಡ, ಆಯ್ಸ್ಟರ್ ಸಾಸ್ ಬೇಡ, ಮೊಟ್ಟೆ ಬೇಡ ಅಂತ ಒಂದೊಂದಾಗಿ ಇರಬೇಕು. ವೇಟರ್ ಅದನ್ನು ಓದಿ ತಲೆ ಆಡಿಸಿ ಎರಡೇ ಐಟಂ ತೋರಿಸಿದರೆ ಆ ಅಂಗಡಿ ನಂಬಿಕಸ್ಥ. ಎಲ್ಲದಕ್ಕೂ "ಓಕೆ, ಓಕೆ" ಅಂದರೆ ಚಹಾ ಕುಡಿದು ಬರಲಿ.

ಮೆಲ್ಬರ್ನ್‌ನಲ್ಲಿ ಬಾಕ್ಸ್ ಹಿಲ್, ಗ್ಲೆನ್ ವೇವರ್ಲಿ ಕಡೆ ಹೋದರೆ ಆಯ್ಕೆ ಜಾಸ್ತಿ. ಹುಡುಕುವಾಗ ಡಿಮ್ ಸಮ್ ಅಂತ ಅಲ್ಲ, ಯಮ್ ಚಾ ಅಂತ ಹುಡುಕಬೇಕು. ಆಸ್ಟ್ರೇಲಿಯಾದಲ್ಲಿ ಬೋರ್ಡಿನ ಮೇಲೆ ಹಾಗೇ ಇರೋದು.

ಪ್ರಶ್ನೆ: ಹರಿಹರದವನು, ಸಿಂಗಾಪುರದಲ್ಲಿದ್ದೇನೆ. ಆಫೀಸಿನ ಬಾಸ್ ಕುಟುಂಬದ ಜೊತೆ ಡಿಮ್ ಸಮ್‌ಗೆ ಕರೆದಿದ್ದಾರೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು? ಬಿಲ್ ಎಷ್ಟಾಗಬಹುದು ಅಂತ ಊಹೆ ಮಾಡೋದು ಹೇಗೆ?
— ಓದುಗ, ಸಿಂಗಾಪುರ

ಉತ್ತರ: ಕರೆದವರು ಬಾಸ್ ಅಂದ ಮೇಲೆ ಬಿಲ್ ಚಿಂತೆ ನಿನಗ್ಯಾಕೆ ತಮ್ಮಾ? ಆದರೂ ಹೇಳ್ತೀನಿ. ಮೇಜಿನ ಮೇಲೆ ಒಂದು ಕಾರ್ಡ್ ಇಡುತ್ತಾರೆ. ಹಳೇ ಪದ್ಧತಿಯ ಕಡೆ ಪ್ರತಿ ಬುಟ್ಟಿಗೂ ಅದರಲ್ಲಿ ಒಂದು ಮುದ್ರೆ ಬೀಳುತ್ತೆ. ಸಣ್ಣ, ಮಧ್ಯಮ, ದೊಡ್ಡ, ಸ್ಪೆಷಲ್ ಅಂತ ಸಾಲುಗಳು, ಸಾಲಿಗೊಂದು ಬೆಲೆ. ಇಲ್ಲಿ ಸಣ್ಣ ಅಂದರೆ ಬುಟ್ಟಿ ಸಣ್ಣದು ಅಂತಲ್ಲ, ರೇಟು ಕಡಿಮೆ ಅಂತ. ಚಹಾಕ್ಕೆ ತಲೆಗಿಷ್ಟು ಅಂತ ಬೇರೆ ಬೀಳುತ್ತೆ, ಕೇಳದಿದ್ದರೂ.

ಕೂತ ಕೂಡಲೇ ಯಾವ ಚಹಾ ಅಂತ ಕೇಳುತ್ತಾರೆ. ಹಾಲು, ಸಕ್ಕರೆ ಬರುವುದಿಲ್ಲ, ಕೇಳಲೂ ಬೇಡ. ಎಣ್ಣೆ ಜಿಡ್ಡಿನ ತಿಂಡಿ ಜಾಸ್ತಿ ಇದ್ದರೆ ಕಪ್ಪಗಿನ ಪು-ಅರ್ ಒಳ್ಳೆಯದು, ಮಣ್ಣಿನ ವಾಸನೆ ಇರುತ್ತೆ, ಎರಡನೇ ಲೋಟಕ್ಕೆ ಒಗ್ಗುತ್ತೆ. ಮಲ್ಲಿಗೆ ಚಹಾ ಎಲ್ಲರಿಗೂ ಹಿಡಿಸುತ್ತೆ. ನನಗೆ ಪು-ಅರ್ ಜೊತೆ ಸೇವಂತಿಗೆ ಹೂ ಬೆರೆಸಿದ್ದು ಇಷ್ಟ.

ನಿನ್ನ ಲೋಟಕ್ಕಿಂತ ಮೊದಲು ಪಕ್ಕದವರ ಲೋಟ ತುಂಬು, ಹಿರಿಯರಿಂದ ಶುರು ಮಾಡು. ನಿನಗೆ ಯಾರಾದರೂ ಹುಯ್ದರೆ ಮಾತು ನಿಲ್ಲಿಸಿ ಥ್ಯಾಂಕ್ಸ್ ಹೇಳಬೇಕಿಲ್ಲ, ಎರಡು ಬೆರಳು ಮಡಿಸಿ ಮೇಜಿನ ಮೇಲೆ ಮೆಲ್ಲಗೆ ತಟ್ಟಿದರೆ ಆಯಿತು. ಇದಕ್ಕೊಂದು ಕತೆ ಹೇಳುತ್ತಾರೆ. ಹಿಂದೆ ಚೀನಾ ಆಳಿದ ಚಿಯೆನ್‌ಲುಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ಊರೂರು ಸುತ್ತುವಾಗ ಚಹಾ ಅಂಗಡಿಯಲ್ಲಿ ತಾನೇ ಆಳಿಗೆ ಚಹಾ ಹುಯ್ದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತೆ. ಆಳು ಬೆರಳುಗಳನ್ನೇ ಮಡಿಸಿ ಅಡ್ಡಬೀಳಿಸಿದನಂತೆ. ನಿಜವೋ ಸುಳ್ಳೋ, ಬಾಸ್‌ನ ಅತ್ತೆ ಎದುರು ಕೂತಿದ್ದರೆ ನೀನು ಬೆರಳು ತಟ್ಟಿದ ಕ್ಷಣಕ್ಕೆ ಅವರ ಮುಖ ಅರಳುತ್ತೆ. ಕೆಟಲ್ ಖಾಲಿಯಾದರೆ ಕೈ ಬೀಸಿ ಕೂಗಬೇಡ. ಮುಚ್ಚಳ ಸರಿಸಿ ಓರೆ ಇಡು, ಬಿಸಿನೀರು ತಾನಾಗಿ ಬರುತ್ತೆ.

ಹಾರ್ ಗಾವ್ ಸಾಮಾನ್ಯವಾಗಿ ಬುಟ್ಟಿಗೆ ನಾಲ್ಕು. ಐದು ಜನ ಇದ್ದರೆ ಕೊನೆಯದಕ್ಕೆ ಕೈ ಹಾಕಬೇಡ, ಇನ್ನೊಂದು ಬುಟ್ಟಿ ಬರುವ ತನಕ ಕಾಯಿ. ಕೋಳಿ ಕಾಲು ಬಂದರೆ ತಿನ್ನಲೇಬೇಕು ಅಂತೇನಿಲ್ಲ, ಮುಖ ಮಾತ್ರ ಸಿಂಡರಿಸಬೇಡ.

ಪ್ರಶ್ನೆ: ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆ. ನಾನು ಹೊರದೇಶಕ್ಕೆಲ್ಲ ಹೋಗಿಲ್ಲ. ಗಾಡಿಯಲ್ಲಿ ಸಿಗುವ ಮೋಮೋನೇ ಡಿಮ್ ಸಮ್ಮಾ? ದಾವಣಗೆರೆಯಲ್ಲೇ ಕೂತು ಮಾಡಬಹುದಾ?
— ಓದುಗಿ, ದಾವಣಗೆರೆ

ಉತ್ತರ: ಅಲ್ಲಮ್ಮಾ. ಮೋಮೋ ಟಿಬೆಟ್, ನೇಪಾಳದ ಕಡೆಯದು, ಮೈದಾ ಕಣಕ, ಪಕ್ಕದಲ್ಲಿ ಖಾರ ಚಟ್ನಿ. ಅದರ ರುಚಿ ಅದಕ್ಕಿದೆ.

ಮಾಡೋದೇನೋ ಮಾಡಬಹುದು. ಕಷ್ಟ ಇರೋದು ಆ ಗೋಧಿ ಪಿಷ್ಟದಲ್ಲಿ, ಅದು ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಇಡುವುದಿಲ್ಲ. ನಮ್ಮ ಮನೆಯವಳು ಅದಕ್ಕೆ ದಾರಿ ಹುಡುಕಿದಳು. ಬೇಸಿಗೆಯಲ್ಲಿ ಸಂಡಿಗೆಗೆ ಗೋಧಿ ಹಾಲು ತೆಗೀತೀವಲ್ಲ, ಗೋಧಿ ನೆನೆಸಿ, ರುಬ್ಬಿ, ಹಿಂಡಿ? ಆ ಹಾಲನ್ನು ರಾತ್ರಿ ಇಟ್ಟರೆ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂರುತ್ತೆ. ಮೇಲಿನ ನೀರು ಬಸಿದು ಒಣಗಿಸಿ ಜರಡಿ ಹಿಡಿದರೆ ಆಯಿತು. ಅದಕ್ಕೆ ಸ್ವಲ್ಪ ಸಾಬುದಾನಿ ಹಿಟ್ಟು, ಚಿಟಿಕೆ ಉಪ್ಪು ಸೇರಿಸಿ, ಕುದಿಯುವ ನೀರನ್ನೇ ಹುಯ್ಯಬೇಕು. ಬಿಸಿನೀರು ಸಾಲದು, ಕುದಿ ಬರುತ್ತಿರಬೇಕು. ಮುಚ್ಚಿಟ್ಟು, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಎಣ್ಣೆ ಹಚ್ಚಿಕೊಂಡು ನಾದಬೇಕು. ಒದ್ದೆ ಬಟ್ಟೆ ಮುಚ್ಚಿ, ಸಣ್ಣ ಸಣ್ಣ ಉಂಡೆ ಹೊರಗೆ ತೆಗೆದು ಒತ್ತು. ಒಣಗಿದರೆ ಅಂಚು ಸೀಳುತ್ತೆ. ಹೂರಣಕ್ಕೆ ಎಲೆಕೋಸು, ಗಜ್ಜರಿ, ಅಣಬೆ, ಶುಂಠಿ, ಸ್ವಲ್ಪ ಮೆಣಸಿನ ಪುಡಿ. ಕೋಸಿಗೆ ಉಪ್ಪು ಹಾಕಿ ನೀರು ಹಿಂಡಿಬಿಡು, ಇಲ್ಲದಿದ್ದರೆ ಒಳಗೆ ಕೊಚ್ಚೆ. ಇಡ್ಲಿ ಪಾತ್ರೆಯಲ್ಲಿ ಕೋಸಿನ ಎಲೆ ಹಾಸಿ ಐದಾರು ನಿಮಿಷ ಬೇಯಿಸು. ನೆರಿಗೆ ಏಳು ಬರಲಿಲ್ಲ ಅಂತ ಕೊರಗಬೇಡ.

ದೇಶದ ಒಳಗೇ ಚೀನೀ ಬೆಳಗಿನ ತಿಂಡಿ ನೋಡಬೇಕು ಅಂದರೆ ಕೋಲ್ಕತ್ತಾದ ಟಿರೆಟ್ಟಾ ಬಜಾರ್‌ಗೆ ಹೋಗು. ಭಾನುವಾರ ನಸುಕಿಗೆ ಎದ್ದರೆ ಮಾತ್ರ. ಬಿಸಿಲೇರುವಷ್ಟರಲ್ಲಿ ಪಾತ್ರೆ ಖಾಲಿ.

ಪ್ರಶ್ನೆ: ಮಗಳನ್ನು ನೋಡಲು ಹಾಂಗ್‌ಕಾಂಗ್ ಮಾರ್ಗವಾಗಿ ಅಮೆರಿಕಕ್ಕೆ ಹೊರಟಿದ್ದೇವೆ. ನಡುವೆ ಹತ್ತು ತಾಸು ಬಿಡುವು. ಊರೊಳಗೆ ಹೋಗಿ ಡಿಮ್ ಸಮ್ ತಿಂದು ಬರಬಹುದಾ? ಯಾವ ಅಂಗಡಿ?
— ದಂಪತಿ, ಹೊಳಲ್ಕೆರೆ

ಉತ್ತರ: ಹಗಲು ಹೊತ್ತಿನ ಬಿಡುವಾದರೆ ಖಂಡಿತ. ರಾತ್ರಿಯದಾದರೆ ವಿಮಾನ ನಿಲ್ದಾಣದಲ್ಲೇ ಮಲಗಿ. ಭಾರತದ ಪಾಸ್‌ಪೋರ್ಟ್ ಇದ್ದವರು ಒಳಗೆ ಹೋಗಲು ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿ, ಆ ಹಾಳೆಯನ್ನು ಪ್ರಿಂಟ್ ತೆಗೆದಿಟ್ಟುಕೊಂಡಿರಬೇಕು. ಮಗಳ ಕೈಯಲ್ಲಿ ಈಗಲೇ ಮಾಡಿಸಿ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಸುಮಾರು 24 ನಿಮಿಷಕ್ಕೆ ಪೇಟೆ ನಡುವಿನ ನಿಲ್ದಾಣ.

ಹಳೇ ಕಾಲದ ಅಂಗಡಿ ನೋಡಬೇಕು ಅಂದರೆ ಸೆಂಟ್ರಲ್ ಅನ್ನುವ ಬಡಾವಣೆಯ ಸ್ಟ್ಯಾನ್ಲಿ ಬೀದಿಯಲ್ಲಿ ಲುಕ್ ಯೂ ಟೀ ಹೌಸ್ ಇದೆ, 1933ರದ್ದು. ಮರದ ಕೆತ್ತನೆ, ಮೇಲೆ ಫ್ಯಾನು, ಬಿಲ್ ಸ್ವಲ್ಪ ಭಾರಿ. ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಟಿಮ್ ಹೋ ವಾನ್. ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಮಾಕ್ ಕ್ವಾಯ್-ಪುಯ್ ಎಂಬವರು 2009ರಲ್ಲಿ ಮಾಂಗ್‌ಕಾಕ್‌ನ ಸಣ್ಣ ಮಳಿಗೆಯಲ್ಲಿ ಶುರು ಮಾಡಿದ್ದು. ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡ್‌ನ ಸ್ಟಾರ್ ಸಿಕ್ಕಿ ಜಗತ್ತಿಗೆಲ್ಲ ಗೊತ್ತಾಯಿತು, ಈಗ ಎಷ್ಟೋ ದೇಶಗಳಲ್ಲಿ ಶಾಖೆಗಳಿವೆ. ಬೇಯಿಸುವ ಬದಲು ಒಲೆಯಲ್ಲಿ ಸುಟ್ಟ, ಮೇಲೆ ಸಕ್ಕರೆ ಗರಿ ಇರುವ ಹಂದಿಮಾಂಸದ ಬನ್ನಿಗೆ ಹೆಸರುವಾಸಿ. ತಿನ್ನುವವರಿಗೆ ಅದು. ತಿನ್ನದವರು ಮೇಲೆ ಚಿತ್ರದುರ್ಗದವರಿಗೆ ಬರೆದಿದ್ದನ್ನು ಓದಿಕೊಳ್ಳಿ.

ಮಾಂಗ್‌ಕಾಕ್ ಕಡೆ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮುಂದಿನ ವಿಮಾನಕ್ಕೆ ಮೂರು ತಾಸು ಇರುವಾಗ ವಾಪಸ್ ರೈಲಿನಲ್ಲಿರಬೇಕು. ಅಮ್ಮನವರಿಗೆ ಶಾಪಿಂಗ್ ಆಸೆ ಇದ್ದರೆ ಮೊದಲೇ ಮಾತಾಡಿಕೊಂಡುಬಿಡಿ.